ಪೋಕರ್ ಆಟದಲ್ಲಿ ಜಯಾಪಜಯಗಳ ಅಳತೆ

೧

ದ್ಯೂತದ ವಿಷಯವು ವಿದ್ವತ್ಪತ್ರಿಕೆಯ ಪುಟಗಳಲ್ಲಿ ಬರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ದ್ಯೂತವನ್ನು ಬಿಟ್ಟರೆ ನಮ್ಮ ಭಾರತಕಥೆಯೇ ನಿಲ್ಲದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲನ್ನು ಹೇಳುವ ಸೂಕ್ತವೊಂದುಂಟು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ವಿಧಿತವಾಗಿವೆ. ಮುಮ್ಮಡಿ ಕೃಷ್ಣರಾಜ ಒಡೆಯರವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಎಲೆಯಾಟಗಳಿಗೆ ಪ್ರತ್ಯೇಕ ಸ್ಥಾನವೇ ದೊರೆತಿದೆ. ಆದುದರಿಂದ ಆಟ, ಪಣ, ಲೆಕ್ಕ ಇವುಗಳ ಪರಸ್ಪರ ಸಂಬಂಧವನ್ನು ವಿಚಾರಿಸುವುದು ನಮಗೆ ಹೊರಗಿನ ಕೆಲಸವೆನಿಸದು.

ಪ್ರಕೃತ ವಿಚಾರಕ್ಕೆ ಕಾರಣವಾದ ಸಂದರ್ಭವು ಈಚಿನದು. ಬೆಂಗಳೂರಿನ ಹೊರವಲಯದಲ್ಲಿ ಪೀಣ್ಯದ ಕಾರ್ಖಾನೆಗಳೂ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ಗಳ ಗಣಕ ಸಂಸ್ಥೆಗಳೂ ಬೆಳೆದ ಮೇಲೆ, ತಿಂಗಳ ಸಂಬಳವುಳ್ಳ, ಲೆಕ್ಕದಲ್ಲಿ ಪಳಗಿದ, ಊರುಬಿಟ್ಟು ಬಂದ ತರುಣರ ದೊಡ್ಡ ಸಮುದಾಯವೊಂದು ಅಲ್ಲಿ ನೆಲೆಸಿತು. ಇಂಥವರಲ್ಲಿ ಕೆಲವರು ಪೋಕರ್ ಎಂಬ ಎಲೆಯಾಟಕ್ಕೆ ಒಲಿದರು. ‘ನಾನು ಈ ಆಟದಲ್ಲಿ ಗೆಲ್ಲುತ್ತಿದ್ದೇನೆಯೆ?’ ಎಂಬ ಪ್ರಶ್ನೆಯನ್ನು ಇವರು ತಮಗೆ ತಾವೇ ಹಾಕಿಕೊಳ್ಳುವರು; ಉತ್ತರವನ್ನು ಕಿಸೆಯನ್ನು ಮುಟ್ಟಿನೋಡಿ ಹೇಳಿಕೊಳ್ಳುವರು. ಆ ಉತ್ತರದ ಮೇಲೆ ಸಂಬಳವನ್ನೂ, ಕೆಲವೊಮ್ಮೆ ಸಾಲವನ್ನೂ, ಉದ್ಯೋಗವನ್ನು ಬಿಡುವ ಸಂಕಲ್ಪವನ್ನೂ ನಿಲ್ಲಿಸುವವರುಂಟು. ಈ ಅಳತೆಗೋಲು ಎಷ್ಟು ನಂಬತಕ್ಕದ್ದು, ಇದಕ್ಕಿಂತ ಉತ್ತಮವಾದುದು ಯಾವುದು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

೨

ಆಟದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಬಗೆಯಲ್ಲಿ ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡು ಎಲೆಗಳು ಬರುವುವು. ಮೇಜಿನ ನಡುವೆ ಎಲ್ಲರಿಗೂ ಸಾಮಾನ್ಯವಾದ ಐದು ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದು, ಕಡೆಗೆ ಒಂದು ಎಂಬ ಕ್ರಮದಲ್ಲಿ ತೆರೆಯುವರು. ಈ ಏಳರಲ್ಲಿ ಅತ್ಯುತ್ತಮವಾದ ಐದನ್ನು ಕೂಡಿಸಿದವನಿಗೆ ಪಣದ ರಾಶಿ. ಪ್ರತಿ ಹಂತದಲ್ಲಿಯೂ ಪಣವನ್ನು ಏರಿಸಬಹುದು, ಸರಿಗಟ್ಟಬಹುದು, ಇಲ್ಲವೆ ಎಲೆ ಬಿಟ್ಟು ಹಿಂದೆಗೆಯಬಹುದು. ಎಲೆ ಹಂಚುವ ಮುನ್ನ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಚಿಕ್ಕ ಪಣಗಳಿಗೆ ಬ್ಲೈಂಡ್ ಎಂದು ಹೆಸರು. ಇವುಗಳಲ್ಲಿ ದೊಡ್ಡದನ್ನೇ ಅಳತೆಯ ಮೂಲಮಾನವಾಗಿ ಇಟ್ಟುಕೊಳ್ಳುವುದು ರೂಢಿ. ನೂರು ರೂಪಾಯಿನ ಮೇಜಿನಲ್ಲಿ ಆಡಿದವನನ್ನೂ ಸಾವಿರದ ಮೇಜಿನಲ್ಲಿ ಆಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ಇದರಿಂದ ಸಾಧ್ಯವಾಗುವುದು.

ನಮ್ಮ ಕಡೆಯ ಅಂದರ್-ಬಾಹರ್ ಆಟದಲ್ಲಿ ಆಡುವವನ ಬುದ್ಧಿಗೆ ಅವಕಾಶವಿಲ್ಲ. ಎಲೆ ಎತ್ತ ಬಿದ್ದರೆ ಅತ್ತ ಫಲ. ಪೋಕರಿನಲ್ಲಿ ಹಾಗಲ್ಲ. ಎಲೆ ದೈವಾಧೀನವಾದರೂ ಎಷ್ಟು ಪಣವಿಡಬೇಕು, ಯಾವಾಗ ಹಿಂದೆಗೆಯಬೇಕು ಎಂಬ ನಿರ್ಣಯವು ಪುರುಷಾಧೀನ. ಈ ವ್ಯತ್ಯಾಸವನ್ನು ನ್ಯಾಯಾಲಯಗಳೂ ಗುರುತಿಸಿವೆ. ೧೯೬೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿ ಆಟವು ಪ್ರಧಾನವಾಗಿ ಕೌಶಲದ ಆಟವೆಂದು ಹೇಳಿತು. ಪೋಕರನ್ನು ಕೌಶಲದ ಆಟವಾಗಿ ಆಡುವಲ್ಲಿ ಪರವಾನಗಿಯ ಅಗತ್ಯವಿಲ್ಲವೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೧೩ರಲ್ಲಿ ಅಭಿಪ್ರಾಯಪಟ್ಟಿತು. ಪಣವಿಟ್ಟು ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿ ರಾಜ್ಯವು ೨೦೨೧ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಸಂಬಂಧಪಟ್ಟ ಭಾಗಗಳನ್ನು ಅದೇ ನ್ಯಾಯಾಲಯವು ೨೦೨೨ರ ಫೆಬ್ರವರಿ ೧೪ರಂದು ಅಸಿಂಧುವೆಂದು ತೀರ್ಮಾನಿಸಿತು. ಆಮೇಲೆ, ೨೦೨೫ರ ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆದ ಕೇಂದ್ರ ಶಾಸನವು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣವನ್ನೊಡ್ಡುವ ಅಂತರ್ಜಾಲದ ಆಟವನ್ನು ನಡೆಸುವುದನ್ನೇ ಅಪರಾಧವನ್ನಾಗಿ ಮಾಡಿತು. ಅದು ದಂಡಿಸುವುದು ಆಡಿಸುವವರನ್ನು, ಆಡುವವರನ್ನಲ್ಲ. ಅದರ ಸಿಂಧುತ್ವವನ್ನು ಪ್ರಶ್ನಿಸುವ ಮೊಕದ್ದಮೆಗಳೂ ನ್ಯಾಯಾಲಯದ ಮುಂದೆ ಬಂದಿವೆ.

ಈ ತೀರ್ಪುಗಳನ್ನು ಓದಿದ ಆಟಗಾರನು ಒಂದು ಭ್ರಮೆಗೆ ಒಳಗಾಗುವ ಸಂಭವವುಂಟು. ಆಟದಲ್ಲಿ ಕೌಶಲಕ್ಕೆ ಸ್ಥಾನವಿದೆ ಎಂಬುದು ಒಂದು ಮಾತು. ಆಡುವವನಲ್ಲಿ ಕೌಶಲವಿದೆ ಎಂಬುದು ಬೇರೊಂದು ಮಾತು. ಮೊದಲನೆಯದನ್ನು ನ್ಯಾಯಾಲಯವು ಹೇಳಬಹುದು. ಎರಡನೆಯದನ್ನು ಹೇಳತಕ್ಕದ್ದು ಲೆಕ್ಕದ ಪುಸ್ತಕ ಮಾತ್ರ.

೩

ಲೆಕ್ಕಕ್ಕೆ ಬೇಕಾದ ಮೂಲಸಾಮಗ್ರಿಯು ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಇತ್ತು. ರಾಷ್ಟ್ರಕೂಟ ನೃಪತುಂಗನ ಕಾಲದವನಾದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ವಿಧವಾಗಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟಿರುವನು. ಅದನ್ನು ೫೨ ಎಲೆಗಳ ಕಟ್ಟಿಗೆ ಅನ್ವಯಿಸಿದರೆ, ಎರಡೆಲೆಗಳ ಕೈಗಳು ೫೨ × ೫೧ ÷ ೨, ಎಂದರೆ ೧,೩೨೬. ಐದೆಲೆಗಳ ಕೈಗಳು ೨೫,೯೮,೯೬೦. ನಾಲ್ಕು ಎಕ್ಕಗಳಲ್ಲಿ ಎರಡನ್ನು ಆರಿಸುವ ಬಗೆಗಳು ಆರು. ಆದುದರಿಂದ ಜೋಡಿ ಎಕ್ಕಗಳು ಬರುವುದು ೨೨೧ ಕೈಗಳಲ್ಲಿ ಒಮ್ಮೆ. ಮೇಜಿನ ಸುತ್ತ ಕುಳಿತು ಆಡುವಾಗ ಗಂಟೆಗೆ ಸುಮಾರು ೩೦ ಕೈಗಳು ಸಾಗುವುವು. ಹಾಗಾದರೆ ಏಳು ಗಂಟೆ ಕುಳಿತರೂ ಆ ಅತ್ಯುತ್ತಮ ಜೋಡಿಯನ್ನು ಒಮ್ಮೆಯೂ ಕಾಣದೆ ಏಳುವುದು ಅಸಹಜವೇನೂ ಅಲ್ಲ.

ಅದೇ ಗ್ರಂಥದಲ್ಲಿ ಪಣಕ್ಕೆ ನೇರವಾಗಿ ಸಂಬಂಧಿಸಿದ ಸ್ವಾರಸ್ಯವಾದ ಲೆಕ್ಕವೊಂದಿದೆ. ಕೋಳಿಯ ಕಾಳಗದಲ್ಲಿ ಒಬ್ಬ ಜಾಣನು ಎರಡೂ ಹುಂಜಗಳ ಒಡೆಯರೊಡನೆ ಬೇರೆಬೇರೆಯಾಗಿ ಗುಟ್ಟಿನ ಒಪ್ಪಂದ ಮಾಡಿಕೊಳ್ಳುವನು. ಮೊದಲನೆಯವನು ಗೆದ್ದರೆ ತನ್ನ ಪಣವನ್ನು ಇವನಿಗೆ ಕೊಡಬೇಕು, ಸೋತರೆ ಅದರ ಮೂರರಲ್ಲಿ ಎರಡು ಪಾಲನ್ನು ಇವನೇ ಅವನಿಗೆ ಕೊಡುವನು. ಎರಡನೆಯವನಿಗೆ ಹೀಗೆಯೇ ನಾಲ್ಕರಲ್ಲಿ ಮೂರು ಪಾಲು. ಯಾರು ಗೆದ್ದರೂ ಇವನಿಗೆ ೧೨ ಹೊನ್ನು ಉಳಿಯಬೇಕಾದರೆ ಪಣಗಳೆಷ್ಟು? ಉತ್ತರ ೪೨ ಮತ್ತು ೪೦. ಮೊದಲ ಹುಂಜ ಗೆದ್ದರೆ ೪೨ ಬಂದು ೩೦ ಹೋಗುವುದು. ಎರಡನೆಯದು ಗೆದ್ದರೆ ೪೦ ಬಂದು ೨೮ ಹೋಗುವುದು. ಇಲ್ಲಿ ಜಾಣನ ಲಾಭವು ಕಾಳಗದ ಫಲವನ್ನು ಅವಲಂಬಿಸಿಲ್ಲ. ಕಾಳಗಕ್ಕೆ ಮೊದಲೇ, ಒಪ್ಪಂದದ ಅಂಕಿಗಳಲ್ಲಿಯೇ ಅದು ಸಿದ್ಧವಾಗಿದೆ. ಫಲಕ್ಕೂ ನಿರ್ಣಯಕ್ಕೂ ಇರುವ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ದುರ್ಲಭ.

ಪೋಕರಿನಲ್ಲಿ ಇಂಥ ನಿಶ್ಚಿತ ಲಾಭವಿಲ್ಲ. ಆದರೆ ಸರಾಸರಿಯ ಲಾಭವುಂಟು. ಕಡೆಯ ಎಲೆಯೊಂದು ತೆರೆಯುವುದು ಬಾಕಿಯಿದೆ; ಆಟೀನಿನ ಎಲೆ ಬಿದ್ದರೆ ನಮ್ಮ ಗೆಲುವು, ಇಲ್ಲವಾದರೆ ಸೋಲು; ಇನ್ನು ಪಣ ಏರುವುದಿಲ್ಲ ಎಂದು ಭಾವಿಸೋಣ. ರಾಶಿಯಲ್ಲಿ ೫,೦೦೦ ರೂಪಾಯಿ ಇದೆ. ಸರಿಗಟ್ಟಲು ೧,೦೦೦ ಬೇಕು. ನಮಗೆ ಕಾಣದ ಎಲೆಗಳು ೪೬, ಅವುಗಳಲ್ಲಿ ಆಟೀನಿನವು ೯. ಇದೇ ಸಂದರ್ಭವು ೪೬ ಸಲ ಬಂದು, ಪ್ರತಿಯೊಂದು ಎಲೆಯೂ ಒಂದೊಂದು ಸಲ ಬಿದ್ದಿತೆಂದರೆ, ೯ ಸಲ ಗೆದ್ದು ೪೫,೦೦೦ ಬರುವುದು. ೩೭ ಸಲ ಸೋತು ೩೭,೦೦೦ ಹೋಗುವುದು. ಉಳಿದ ೮,೦೦೦ವನ್ನು ೪೬ರಿಂದ ಭಾಗಿಸಿದರೆ ಸಲವೊಂದಕ್ಕೆ ಸುಮಾರು ೧೭೪ ರೂಪಾಯಿ ಲಾಭ. ಐದರಲ್ಲಿ ನಾಲ್ಕು ಸಲ ಸೋಲನ್ನೇ ತರುವ ಈ ನಿರ್ಣಯವು ಸರಿಯಾದ ನಿರ್ಣಯ. ಆ ರಾತ್ರಿ ಸೋತವನು ತನ್ನ ಪುಸ್ತಕದ ಒಂದು ಅಂಕಣದಲ್ಲಿ ೧,೦೦೦ ನಷ್ಟವೆಂದೂ, ಇನ್ನೊಂದರಲ್ಲಿ ೧೭೪ ಲಾಭವೆಂದೂ ಬರೆದುಕೊಳ್ಳಬೇಕು. ಎರಡೂ ಸತ್ಯವೇ. ಮೊದಲನೆಯದು ಆದದ್ದನ್ನು ಹೇಳುವುದು, ಎರಡನೆಯದು ಮಾಡಿದ್ದನ್ನು.

೪

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಕೈಗೆ ಬಂದ ಹಣದಿಂದ ಕೌಶಲವನ್ನು ಅಳೆಯಬೇಕಾದರೆ ಎಷ್ಟು ಕಾಲ ಕಾಯಬೇಕು?

ಆಟಗಾರರು ಗಳಿಕೆಯನ್ನು ನೂರು ಕೈಗಳಿಗೆ ಇಷ್ಟು ಬ್ಲೈಂಡ್ ಎಂದು ಹೇಳುವರು. ನೂರಕ್ಕೆ ೫ ಎಂಬುದು ಒಳ್ಳೆಯ ಆಟಗಾರನ ಲಕ್ಷಣ. ಆದರೆ ಪ್ರತಿ ನೂರು ಕೈಗಳ ಫಲವು ಈ ಸರಾಸರಿಯ ಸುತ್ತ ಬಹಳ ತೂಗಾಡುವುದು. ಆ ತೂಗಾಟದ ಅಳತೆಗೆ ಗಣಿತದಲ್ಲಿ ಮಾನಕ ವಿಚಲನೆ ಎಂದು ಹೆಸರು. ಪೋಕರಿನಲ್ಲಿ ಅದು ನೂರು ಕೈಗಳಿಗೆ ಸಾಮಾನ್ಯವಾಗಿ ೮೦ರಿಂದ ೧೦೦ ಬ್ಲೈಂಡುಗಳವರೆಗೆ ಇರುವುದು. ೯೦ ಎಂದಿಟ್ಟುಕೊಳ್ಳೋಣ. ಕೈಗಳು ಹೆಚ್ಚಿದಂತೆ ಗಳಿಕೆಯು ಕೈಗಳ ಸಂಖ್ಯೆಯಂತೆ ಬೆಳೆಯುವುದು. ತೂಗಾಟವು ಆ ಸಂಖ್ಯೆಯ ವರ್ಗಮೂಲದಂತೆ ಮಾತ್ರ ಬೆಳೆಯುವುದು. ಕಾಲವು ಕೌಶಲದ ಪಕ್ಷವನ್ನು ವಹಿಸುವುದು ಇದರಿಂದ. ಆದರೆ ಅದು ಬಹು ನಿಧಾನವಾಗಿ ವಹಿಸುವುದು.

ಬ್ಲೈಂಡ್ ೧೦೦ ರೂಪಾಯಿನ ಮೇಜು. ವೈಟ್‌ಫೀಲ್ಡಿನ ಉದ್ಯೋಗಿಯೊಬ್ಬನು ವಾರಕ್ಕೊಂದು ರಾತ್ರಿ ಎಂಟು ಗಂಟೆ, ಎಂದರೆ ೨೪೦ ಕೈಗಳನ್ನು ಆಡುವನೆಂದು ಕಲ್ಪಿಸೋಣ. ಅವನು ನಿಜವಾಗಿಯೂ ಒಳ್ಳೆಯ ಆಟಗಾರ. ಗಳಿಕೆ ನೂರಕ್ಕೆ ೫. ಆ ರಾತ್ರಿ ಅವನು ನಿರೀಕ್ಷಿಸಬಹುದಾದ ಲಾಭ ೧,೨೦೦ ರೂಪಾಯಿ. ತೂಗಾಟವಾದರೋ ಸುಮಾರು ೧೩,೯೦೦. ಹೀಗಿರುವಲ್ಲಿ ನೂರು ರಾತ್ರಿಗಳಲ್ಲಿ ಸುಮಾರು ೪೭ ರಾತ್ರಿ ಅವನು ಸೋತೇ ಮನೆಗೆ ಹೋಗುವನು. ಒಂದು ರಾತ್ರಿಯ ಫಲವು ಅವನ ಕೌಶಲವನ್ನು ಕುರಿತು ಹೆಚ್ಚುಕಡಿಮೆ ಏನನ್ನೂ ಹೇಳದು.

ವರ್ಷವಿಡೀ ಆಡಿದರೆ? ೫೨ ವಾರಗಳಲ್ಲಿ ೧೨,೪೮೦ ಕೈಗಳಾದುವು. ಆಗಲೂ ವರ್ಷದ ಕೊನೆಗೆ ನಷ್ಟದಲ್ಲಿರುವ ಸಂಭವನೀಯತೆ ನೂರಕ್ಕೆ ಸುಮಾರು ೨೭. ಇದನ್ನು ತಿರುಗಿಸಿ ನೋಡಿದರೆ ಹೆಚ್ಚು ಗಂಭೀರವಾದ ಸಂಗತಿಯೊಂದು ಹೊರಪಡುವುದು. ನೂರಕ್ಕೆ ೫ ಬ್ಲೈಂಡುಗಳನ್ನು ಸೋಲುವ ಸ್ವಭಾವದ ಆಟಗಾರನೂ ಅಷ್ಟೇ ಸಂಭವನೀಯತೆಯಿಂದ ವರ್ಷದ ಕೊನೆಗೆ ಲಾಭದಲ್ಲಿ ನಿಲ್ಲುವನು. ಮೊದಲನೆಯವನು ತನ್ನನ್ನು ಹೆಡ್ಡನೆಂದು ತಿಳಿದು ಆಟವನ್ನು ಬಿಡಬಹುದು, ಅದರಿಂದ ಹಾನಿಯಿಲ್ಲ. ಎರಡನೆಯವನು ತನ್ನನ್ನು ನಿಪುಣನೆಂದು ತಿಳಿದು ದೊಡ್ಡ ಮೇಜಿಗೆ ಏರುವನು; ಹಾನಿಯೆಲ್ಲ ಇಲ್ಲಿಯೇ.

ಅಳತೆಯ ಸಂದೇಹವು ಹೇಗೆ ಕುಗ್ಗುವುದೆಂಬುದನ್ನು ಮೂರು ಅಂಕಿಗಳಲ್ಲಿ ಹೇಳಬಹುದು. ಹತ್ತು ಸಾವಿರ ಕೈಗಳ ಮೇಲೆ ಕಂಡ ಗಳಿಕೆಯು ನಿಜವಾದುದಕ್ಕಿಂತ ನೂರಕ್ಕೆ ೧೮ ಬ್ಲೈಂಡುಗಳಷ್ಟು ಮೇಲಕ್ಕಾಗಲಿ ಕೆಳಕ್ಕಾಗಲಿ ಇರಬಹುದು. ಲಕ್ಷ ಕೈಗಳ ಮೇಲೆ ಸುಮಾರು ೫.೭, ಹತ್ತು ಲಕ್ಷದ ಮೇಲೆ ೧.೮. ನೂರಕ್ಕೆ ೫ ಗಳಿಸಿದೆನೆಂದು ಹೇಳುವವನು ಲಕ್ಷ ಕೈಗಳನ್ನು ಆಡಿದ್ದರೂ, ತನ್ನ ಗಳಿಕೆ ಸೊನ್ನೆಯಲ್ಲವೆಂದು ಖಚಿತವಾಗಿ ಸಾಧಿಸಲಾರನು. ವಾರಕ್ಕೊಂದು ರಾತ್ರಿ ಆಡುವವನಿಗೆ ಲಕ್ಷ ಕೈಗಳೆಂದರೆ ಎಂಟು ವರ್ಷ.

ಅಷ್ಟೇ ಅಲ್ಲ. ಪೀಣ್ಯದ ಯಂತ್ರಶಾಲೆಯಲ್ಲಿ ಸಾವಿರ ತಿರುಪುಗಳಿಂದ ಕೆಲವನ್ನು ಆರಿಸಿ ಅಳೆದು ಇಡೀ ರಾಶಿಯ ಗುಣವನ್ನು ನಿರ್ಣಯಿಸುವರು. ಆದರೆ ನಡುವೆ ಉಳಿಯನ್ನು ಬದಲಾಯಿಸಿದರೆ ಮೊದಲಿನ ಅಳತೆಯು ಆಮೇಲಿನ ತಿರುಪುಗಳಿಗೆ ಸಲ್ಲದು. ಎಂಟು ವರ್ಷಗಳಲ್ಲಿ ಎದುರಾಳಿಗಳು ಬದಲಾಗುವರು, ಪಣದ ಮಟ್ಟ ಬದಲಾಗುವುದು, ಆಟಗಾರನೂ ಕಲಿಯುವನು ಅಥವಾ ದಣಿಯುವನು. ಎಂಟು ವರ್ಷದ ಮೊತ್ತವು ಒಬ್ಬನ ಅಳತೆಯಾಗದೆ ಹಲವು ಆಟಗಾರರ ಕಲಬೆರಕೆಯಾಗುವುದು. ಬಹುಮಾನವೆಲ್ಲ ಮೇಲಿನ ಕೆಲವರಿಗೇ ಸೇರುವ ಪಂದ್ಯಾವಳಿಗಳಲ್ಲಿ ತೂಗಾಟವು ಇದಕ್ಕಿಂತಲೂ ಹೆಚ್ಚು. ಅಲ್ಲಿ ನೂರಾರು ಪ್ರವೇಶಗಳ ಲೆಕ್ಕವೂ ಸಾಲದೆ ಹೋಗುವುದುಂಟು.

ಇತರರ ಕಥೆಗಳಿಂದ ಧೈರ್ಯ ತಂದುಕೊಳ್ಳುವವರಿಗೂ ಒಂದು ಮಾತು. ಒಂದು ಕಚೇರಿಯಲ್ಲಿ ೩೨ ಮಂದಿ ಆಡುವರೆಂದೂ, ಒಬ್ಬರಲ್ಲಿಯೂ ವಿಶೇಷ ಕೌಶಲವಿಲ್ಲವೆಂದೂ, ತಿಂಗಳಿಗೆ ಅರ್ಧ ಮಂದಿ ಗೆಲ್ಲುವರೆಂದೂ ಭಾವಿಸಿದರೆ, ಐದು ತಿಂಗಳೂ ಸತತವಾಗಿ ಗೆದ್ದವನು ಸರಾಸರಿಯಲ್ಲಿ ಒಬ್ಬನಾದರೂ ಇರುವನು. ಊಟದ ಹೊತ್ತಿನಲ್ಲಿ ಎಲ್ಲರೂ ಕೇಳುವುದು ಅವನ ಕಥೆಯನ್ನು. ಉಳಿದ ಮೂವತ್ತೊಂದು ಮಂದಿ ಮೌನವಾಗಿ ಉಣ್ಣುವರು.

೫

ಕಳೆಯತಕ್ಕ ಬಾಬುಗಳನ್ನು ಕಳೆಯದೆ ಲಾಭವೆಂದು ಹೇಳುವುದು ಲೆಕ್ಕವಲ್ಲ. ಆಟಗಾರರು ತಮ್ಮತಮ್ಮೊಳಗೆ ಮಾತ್ರ ಆಡಿದರೆ ಒಬ್ಬನ ಗೆಲುವು ಇನ್ನೊಬ್ಬನ ಸೋಲಿಗೆ ಸರಿಯಾಗಿ ಮೊತ್ತ ಸೊನ್ನೆಯಾಗುವುದು. ಆದರೆ ಆಡಿಸುವ ಮನೆಯು ಪ್ರತಿ ರಾಶಿಯಿಂದಲೂ ಒಂದು ಪಾಲನ್ನು ಕಡಿದುಕೊಳ್ಳುವುದು. ಕೌಟಿಲ್ಯನ ದ್ಯೂತಾಧ್ಯಕ್ಷನು ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳತಕ್ಕವನಾಗಿದ್ದನು. ಇಂದಿನ ಮನೆಗಳ ಪಾಲೂ ಅದೇ ಜಾತಿಯದು. ರಾಶಿಯೊಂದಕ್ಕೆ ೬೦ ರೂಪಾಯಿನಂತೆ ಗಂಟೆಗೆ ೩೦ ರಾಶಿಗಳಾದರೆ ಆರು ಗಂಟೆಗಳಲ್ಲಿ ೧೦,೮೦೦ ರೂಪಾಯಿ ಮೇಜಿನಿಂದ ಎದ್ದುಹೋಗುವುದು. ಒಂಬತ್ತು ಮಂದಿ ಸಮಬಲರಾದರೆ ಪ್ರತಿಯೊಬ್ಬನೂ ಸರಾಸರಿ ೧,೨೦೦ವನ್ನು ಸೋಲುವನು. ಇತರರಿಗಿಂತ ಉತ್ತಮನಾಗಿರುವುದು ಸಾಲದು. ಮನೆಯ ಪಾಲನ್ನು ತುಂಬುವಷ್ಟು ಉತ್ತಮನಾಗಿರಬೇಕು. ಇದರ ಮೇಲೆ ಗೆಲುವಿನ ಮೇಲಣ ಆದಾಯ ತೆರಿಗೆ. ಪಣವಿಟ್ಟ ಅಂತರ್ಜಾಲದ ಆಟಗಳಿಗೆ ೨೦೨೩ರ ಅಕ್ಟೋಬರ್ ೧ರಿಂದ, ತೊಡಗಿಸಿದ ಪೂರ್ಣ ಮೊತ್ತದ ಮೇಲೆ ನೂರಕ್ಕೆ ೨೮ರಂತೆ ಸರಕು ಸೇವಾ ತೆರಿಗೆಯೂ ಬಿದ್ದಿತು. ಕಳೆದ ಗಂಟೆಗಳ ಬೆಲೆಯನ್ನೂ ಬರೆಯಬೇಕು. ಮೇಲೆ ಹೇಳಿದ ಒಳ್ಳೆಯ ಆಟಗಾರನ ಗಳಿಕೆ ಗಂಟೆಗೆ ೧೫೦ ರೂಪಾಯಿ ಮಾತ್ರ. ಹಗಲಿನ ಉದ್ಯೋಗದಲ್ಲಿ ಅವನ ಗಂಟೆಯ ಬೆಲೆ ಎಷ್ಟೆಂಬುದನ್ನು ಅವನೇ ಬಲ್ಲನು.

ಇನ್ನು ಮೂಲಧನದ ವಿಷಯ. ನೂರಕ್ಕೆ ೫ ಗಳಿಸುವವನೇ ೫೦೦ ಬ್ಲೈಂಡುಗಳನ್ನು, ಎಂದರೆ ನಮ್ಮ ಮೇಜಿನಲ್ಲಿ ೫೦,೦೦೦ ರೂಪಾಯನ್ನು ಇಟ್ಟುಕೊಂಡು ನಿರಂತರವಾಗಿ ಆಡಿದರೆ, ಎಂದಾದರೊಂದು ದಿನ ಅದೆಲ್ಲವೂ ಮುಳುಗುವ ಸಂಭವನೀಯತೆ ನೂರಕ್ಕೆ ಸುಮಾರು ೫೪. ಎರಡು ಲಕ್ಷವಿದ್ದರೆ ಸುಮಾರು ೮. ಗಳಿಕೆಯು ಸೊನ್ನೆಯಾದವನಿಗೆ, ಅದಕ್ಕಿಂತ ಕಡಿಮೆಯಾದವನಿಗೆ, ಎಷ್ಟು ಮೂಲಧನವಿದ್ದರೂ ಮುಳುಗಡೆ ನಿಶ್ಚಯ. ದಿನ ಮಾತ್ರ ಮುಂದೆ ಹೋಗುವುದು. ಧರ್ಮರಾಯನ ಕೇಡು ಒಂದು ಎಸೆತದಿಂದ ಬಂದುದಲ್ಲ. ಹೋದುದನ್ನು ಮರಳಿ ತರುವ ಆಸೆಯಿಂದ ಪಣವನ್ನು ಏರಿಸುತ್ತ ಹೋದುದರಿಂದ ಬಂದಿತು. ಮನೆಯ ಬಾಡಿಗೆ, ಮಕ್ಕಳ ಶುಲ್ಕ, ಮುಪ್ಪಿನ ಕೂಡಿಕೆ ಇವುಗಳಿಂದ ಪಣದ ಹಣವನ್ನು ಬೇರ್ಪಡಿಸದವನಿಗೆ ಯಾವ ಅಳತೆಯೂ ಉಪಯೋಗಕ್ಕೆ ಬಾರದು.

೬

ಹಾಗಾದರೆ ಆಟಗಾರನು ಏನನ್ನು ಅಳೆಯಬೇಕು? ಎರಡು ಪುಸ್ತಕಗಳನ್ನು ಇಡಬೇಕೆಂದು ಹೇಳಬಹುದು. ಮೊದಲನೆಯದು ಹಣದ ಪುಸ್ತಕ: ದಿನ, ಮೇಜಿನ ಮಟ್ಟ, ಗಂಟೆ, ಕೈಗಳ ಸಂಖ್ಯೆ, ತಂದ ಹಣ, ಒಯ್ದ ಹಣ, ಇತರ ವೆಚ್ಚ. ಸೋತ ರಾತ್ರಿಯನ್ನು ಬಿಡದೆ ಬರೆಯಬೇಕು. ಮೊತ್ತದೊಡನೆ ಸಂದೇಹದ ಅಳತೆಯನ್ನೂ ಬರೆಯಬೇಕು. ‘ಈ ವರ್ಷ ನೂರಕ್ಕೆ ೫’ ಎನ್ನುವುದು ಅರ್ಧ ಮಾತು. ‘ನೂರಕ್ಕೆ ೫, ಹೆಚ್ಚುಕಡಿಮೆ ೧೬’ ಎನ್ನುವುದು ಪೂರ್ಣ ಮಾತು. ಇದನ್ನು ಬರೆದವನ ಗರ್ವವೂ ವಿಷಾದವೂ ತಾವಾಗಿಯೇ ಇಳಿಯುವುವು.

ಎರಡನೆಯದು ನಿರ್ಣಯದ ಪುಸ್ತಕ. ಪ್ರತಿ ರಾತ್ರಿ ಸಂದೇಹಕ್ಕೆ ಎಡೆಯಾದ ನಾಲ್ಕೈದು ಕೈಗಳನ್ನು ಆರಿಸಿ, ರಾಶಿಯ ಮೊತ್ತ, ಸರಿಗಟ್ಟಬೇಕಾಗಿದ್ದ ಹಣ, ಎದುರಾಳಿಯಲ್ಲಿ ಊಹಿಸಿದ ಎಲೆಗಳು, ಕೈಕೊಂಡ ನಿರ್ಣಯ ಇವಿಷ್ಟನ್ನು ಬರೆದು, ಫಲವನ್ನು ಮಾತ್ರ ಮುಚ್ಚಿಟ್ಟು ಬಲ್ಲವನೊಬ್ಬನಿಗೆ ತೋರಿಸಬೇಕು. ಫಲ ತಿಳಿದವನು ಗೆದ್ದುದನ್ನೆಲ್ಲ ಜಾಣತನವೆಂದೂ ಸೋತುದನ್ನೆಲ್ಲ ತಪ್ಪೆಂದೂ ಹೇಳುವನು. ತಿಳಿಯದವನು ನಿರ್ಣಯವನ್ನೇ ತೂಗುವನು. ವಿದ್ಯಾರ್ಥಿಯ ಹೆಸರನ್ನು ಮುಚ್ಚಿ ಉತ್ತರಪತ್ರಿಕೆಯನ್ನು ತಿದ್ದುವ ಅಧ್ಯಾಪಕರಿಗೆ ಈ ಕ್ರಮದ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ. ತಪ್ಪುಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆಯೆ ಎಂಬುದು, ಹಣದ ಲೆಕ್ಕವು ಹೇಳುವುದಕ್ಕಿಂತ ಬಹು ಮೊದಲೇ ಇದರಿಂದ ತಿಳಿಯುವುದು. ಈ ಪುಸ್ತಕಕ್ಕೂ ಮಿತಿಯುಂಟು: ಎದುರಾಳಿಯ ಎಲೆಗಳ ಊಹೆಯೇ ತಪ್ಪಾದರೆ ಅದರ ಮೇಲೆ ಕಟ್ಟಿದ ಲೆಕ್ಕವೂ ತಪ್ಪು. ಆದುದರಿಂದಲೇ ಎರಡು ಪುಸ್ತಕಗಳು ಒಂದನ್ನೊಂದು ತಿದ್ದುತ್ತಿರಬೇಕು.

ಕನಕದಾಸರ ನಳಚರಿತ್ರೆಯ ಮೂಲಕ ನಮ್ಮವರಿಗೆಲ್ಲ ಪರಿಚಿತವಾದ ನಳನ ಕಥೆಯಲ್ಲಿ, ಮೂಲಭಾರತದ ವನಪರ್ವವು ಹೇಳುವ ಪ್ರಸಂಗವೊಂದು ಇಲ್ಲಿ ನೆನಪಿಗೆ ಬರುವುದು. ಋತುಪರ್ಣನು ರಥದಲ್ಲಿ ಹೋಗುತ್ತ ತಾರೆಯ ಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ಎಣಿಸದೆಯೇ ಲೆಕ್ಕ ಹೇಳುವನು. ನಳನು ನಂಬುವುದಿಲ್ಲ; ರಥವನ್ನು ನಿಲ್ಲಿಸಿ ಎಣಿಸಿನೋಡುವನು; ಲೆಕ್ಕ ಸರಿಯಾದ ಮೇಲೆ ಆ ವಿದ್ಯೆಯನ್ನು ಬೇಡಿ ಪಡೆಯುವನು. ಅಕ್ಷಹೃದಯವೆಂಬ ದ್ಯೂತವಿದ್ಯೆಯು ಎಣಿಕೆಯ ವಿದ್ಯೆಯೊಡನೆ ಸೇರಿ ಬಂದಿರುವುದು ಗಮನಾರ್ಹ. ಊಹಿಸುವ ಶಕ್ತಿ ಋತುಪರ್ಣನದು; ಇಳಿದು ಎಣಿಸುವ ಎಚ್ಚರಿಕೆ ನಳನದು. ಪುಷ್ಕರನೊಡನೆ ಎರಡನೆಯ ಸಲ ಆಡಲು ಹೊರಟ ನಳನಲ್ಲಿ ಇವೆರಡೂ ಕೂಡಿದ್ದುವು. ಮೊದಲ ಸಲ ಒಂದೂ ಇರಲಿಲ್ಲ.

ಅಂತರ್ಜಾಲದ ಮೇಜುಗಳು ಲಕ್ಷಾಂತರ ಕೈಗಳನ್ನು ಶೀಘ್ರವಾಗಿ ಆಡುವುದಕ್ಕೂ, ಅವನ್ನೆಲ್ಲ ತಾವಾಗಿಯೇ ಬರೆದಿಡುವುದಕ್ಕೂ ಅನುಕೂಲವಾಗಿದ್ದುವು. ಹಣವನ್ನೊಡ್ಡುವ ಆ ಮೇಜುಗಳನ್ನು ೨೦೨೫ರ ಶಾಸನವು ನಿಷೇಧಿಸಿದ ಮೇಲೆ, ಹಣದ ಮೂಲಕ ಕೌಶಲವನ್ನು ಸಾಧಿಸಿ ತೋರಿಸುವ ದಾರಿಯು ಇನ್ನೂ ದುರ್ಗಮವಾಗಿದೆ. ಗೆಳೆಯರು ಹುಣಿಸೆಬೀಜವನ್ನಿಟ್ಟು ಆಡುವಲ್ಲಿಯೂ ಸಲ್ಲುವ ಅಳತೆಯು ನಿರ್ಣಯದ ಪುಸ್ತಕವೊಂದೇ. ಆಟದ ಬುದ್ಧಿಯನ್ನು ಪ್ರೀತಿಸುವವನಿಗೆ ಅದು ಸಾಕು. ಅದು ಸಾಲದು, ಹಣವೇ ಬೇಕು ಎನ್ನುವವನು ಮೇಲೆ ಕೊಟ್ಟ ಎಂಟು ವರ್ಷಗಳ ಲೆಕ್ಕವನ್ನು ಇನ್ನೊಮ್ಮೆ ಓದಿ, ಅಷ್ಟು ಕಾಲದ ಸಂದೇಹವನ್ನು ತನ್ನ ಮನೆಯವರು ಹೊರಬಲ್ಲರೇ ಎಂಬುದನ್ನು ಅವರನ್ನೇ ಕೇಳಿ ತಿಳಿಯುವುದು ಯುಕ್ತ.